ರತ್ನಕ್ಕ ಕಂಡ ಕಪ್ಪು ಪರದೆ

ಅಕ್ಕ, ಅವತ್ತು ಡೈರಿಯ ಜಗುಲಿಯ ಮೇಲೆ ಸುಳ್ಳು ಹೇಳಿದವನು ನಾನು, ನೀನಲ್ಲ. ನನ್ನ ಲ್ಯಾಪ್‌ಟಾಪಿನ ಗಡಿಯಾರ ಸರಿಯಿರಲಿಲ್ಲ. ಅದು ಯಾಕೆ ಸರಿಯಿರಲಿಲ್ಲ ಎನ್ನುವುದು ಇಡೀ ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಅಲ್ಲ, ಅದೂ ಪೂರ್ತಿ ನಿಜವಲ್ಲ. ಬಾಯಿ ಬಿಟ್ಟೆ, ಎರಡೇ ಮಾತಿಗೆ. ಆ ಎರಡು ಮಾತಿಗೆ ನಿನ್ನ ಕೆಲಸ ಹೋಯಿತು, ಮರ್ಯಾದೆ ಹೋಯಿತು, ಕಡೆಗೆ ಊರೇ ಹೋಯಿತು.

ಈಗ ನಮ್ಮೂರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ, ನಿನಗೆ ಗೊತ್ತಿರಲಾರದು. ಇಸ್ಪೀಟಿನಲ್ಲಿ ಯಾರಾದರೂ ಮೋಸ ಮಾಡಿ ಸಿಕ್ಕಿಬಿದ್ದರೆ, ಅಂಗಡಿಯವನು ತಕ್ಕಡಿಯಲ್ಲಿ ಕೈಚಳಕ ತೋರಿಸಿದರೆ, "ಏನ್ಲಾ, ರಾತ್ರಿ ಹಾಲಾ?" ಅನ್ನುತ್ತಾರೆ. ನಿನ್ನ ಮುಖ ನೋಡದ ಚಿಕ್ಕ ಮಕ್ಕಳೂ ಅನ್ನುತ್ತಾರೆ. ನನ್ನ ಎದುರಿಗೂ ಅನ್ನುತ್ತಾರೆ. ನಾನೂ ಎಲ್ಲರ ಜೊತೆ ನಕ್ಕಿದ್ದೇನೆ, ಅಕ್ಕ. ಒಂದು ಸಲವಲ್ಲ.

ಇದನ್ನು ನಿನಗೆ ಬರೆಯುತ್ತಿದ್ದೇನೆ, ಆದರೆ ಊರವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮದು ಕ್ಯಾಸಂಬಳ್ಳಿ ಕಡೆಯ ಸಣ್ಣ ಊರು. ರಾಗಿ, ಟೊಮೇಟೊ, ಮನೆಗೆರಡು ಸೀಮೆಹಸು. ನಾನು ವೆಂಕಟೇಶ. ಬಂಗಾರಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತೇನೆ. ಊರಿಗೆ ನಾನು 'ಕಂಪ್ಯೂಟರ್ ಮೇಷ್ಟ್ರು'. ಯಾರದ್ದೇ ಫೋನು ಸತ್ತರೂ, ಪಹಣಿ ತೆಗೆಯಬೇಕಾದರೂ ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಆ ಮರ್ಯಾದೆ ನನಗೆ ಬಹಳ ರುಚಿಸಿತ್ತು. ನೀನು ಮುನಿರತ್ನಮ್ಮ, ನನಗೆ ರತ್ನಕ್ಕ, ಊರ ಹಾಲಿನ ಡೈರಿಯ ಸೆಕ್ರೆಟ್ರಿ. ಹುಟ್ಟಿ ಬೆಳೆದಿದ್ದು ಕೆಜಿಎಫ್ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನುಮನೆಯಲ್ಲಿ, ಗಣಿ ಕೆಲಸಗಾರನ ಮಗಳು. ಗಣಿ ಮುಚ್ಚಿದ ಮೇಲೆ ನಮ್ಮೂರಿಗೆ ಸೊಸೆಯಾಗಿ ಬಂದೆ. ನಮ್ಮ ಕನ್ನಡವನ್ನು ಕಲಿತೆ, ಆದರೆ ನನ್ನನ್ನು ಮಾತ್ರ ನಿನ್ನ ತೌರಿನ ತಮಿಳಲ್ಲಿ ತಮ್ಮನನ್ನು ಕರೆಯುವ ಹಾಗೆ 'ತಂಬಿ' ಎಂದೇ ಕರೆಯುತ್ತಿದ್ದೆ. ನಾನು ಸುಮ್ಮನೆ ಓಗೊಡುತ್ತಿದ್ದೆ.

ಆ ಲ್ಯಾಪ್‌ಟಾಪು ನಾನು ಊರಿಗಾಂನ ಗೆಳೆಯ ಕುಮಾರನಿಂದ ತೆಗೆದುಕೊಂಡ ಹಳೆಯದು. ವಿಂಡೋಸ್ ತೆರೆದುಕೊಳ್ಳುವುದರೊಳಗೆ ಒಂದು ಟೀ ಕುಡಿದು ಬರಬಹುದಿತ್ತು. ಕುಮಾರನೇ ಅದರೊಳಗೆ ವಿಂಡೋಸಿನ ಹಾಗೇ ಯಂತ್ರ ನಡೆಸುವ, ಲಿನಕ್ಸ್ ಎನ್ನುವ ಇನ್ನೊಂದು ವ್ಯವಸ್ಥೆಯನ್ನೂ ಹಾಕಿಕೊಟ್ಟ. ಅಣ್ಣತಮ್ಮಂದಿರು ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಳ್ಳುತ್ತಾರಲ್ಲ, ಹಾಗೆ — ಒಂದೇ ಯಂತ್ರ, ಒಳಗೆ ಎರಡು ಸಂಸಾರ. ಗುಂಡಿ ಒತ್ತಿದರೆ ಮೊದಲು ಕಪ್ಪು ಪರದೆ ಬರುತ್ತದೆ. ಅದರಲ್ಲಿ ಬಿಳಿ ಅಕ್ಷರದ ಸಾಲುಗಳು. ಮೇಲಿನದನ್ನು ಒತ್ತಿದರೆ ಲಿನಕ್ಸ್, ಕೆಳಗಿನದನ್ನು ಒತ್ತಿದರೆ ವಿಂಡೋಸ್. ನನ್ನ ಓದು, ನನ್ನ ಅಭ್ಯಾಸ ಎಲ್ಲ ಲಿನಕ್ಸ್‌ನಲ್ಲಿ. ಹೊಸದೊಂದು ಕಲಿತು ಇನ್ನೂ ಒಳ್ಳೆಯ ಕೆಲಸ ಹಿಡಿಯಬೇಕು ಎಂಬ ಆಸೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟೆ ಎಂದಲ್ಲ, ಹೇಳಿದರೆ ಅರ್ಥವಾಗುವವರು ಯಾರಿದ್ದರು?

ಡೈರಿಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಯಿತು. ರಿಪೇರಿಗೆ ಕಳಿಸಿದರು, ಅದು ವಾಪಸ್ ಬರುವ ಲಕ್ಷಣ ಕಾಣಲಿಲ್ಲ. ಅಧ್ಯಕ್ಷ ಗೋಪಾಲಪ್ಪ ನನ್ನನ್ನು ಕೇಳಿದರು. ನಾನು ದೊಡ್ಡ ಮನುಷ್ಯನ ಥರ, "ತಗೊಳ್ಳಿ, ನಮ್ಮೂರ ಕೆಲಸ ತಾನೆ" ಎಂದು ಕೊಟ್ಟೆ. ಬೆಳಿಗ್ಗೆ ಹಾಲಿನ ಹೊತ್ತಿಗೆ ತಂದುಕೊಡುವುದು, ಮುಗಿದ ಮೇಲೆ ತೆಗೆದುಕೊಂಡು ಬಂಗಾರಪೇಟೆಗೆ ಹೋಗುವುದು, ಸಂಜೆ ಬಂದು ಮತ್ತೆ ಕೊಡುವುದು. ಹಾಲಿನ ಲೆಕ್ಕದ ಸಾಫ್ಟ್‌ವೇರನ್ನು ವಿಂಡೋಸ್‌ನಲ್ಲಿ ಹಾಕಿಕೊಟ್ಟು ನಿನಗೆ ತೋರಿಸಿದೆ. ಕಪ್ಪು ಪರದೆ ಕಂಡು ನೀನು ಒಂದು ಹೆಜ್ಜೆ ಹಿಂದೆ ಸರಿದೆ.

"ಇದೇನು ತಂಬಿ, ಸುಟ್ಟೋಯ್ತಾ?"

"ಇಲ್ಲಕ್ಕ, ಇದರಲ್ಲಿ ಎರಡಿದೆ. ಬಾಣದ ಗುರುತು ಕೆಳಗೆ ಒತ್ತು, ಆಮೇಲೆ ಈ ದೊಡ್ಡ ಗುಂಡಿ."

"ಒಂದ್ರಾಗೆ ಎರಡಾ? ಒಬ್ಳ ಮೈಮ್ಯಾಲೆ ಎರಡು ದ್ಯಾವ್ರು ಬಂದಂಗೆ" ಎಂದು ನೀನು ನಕ್ಕಿದ್ದೆ. ಮಾರನೆಯ ದಿನದಿಂದ ನೀನೇ ಒತ್ತಿಕೊಳ್ಳುತ್ತಿದ್ದೆ, ನನ್ನನ್ನು ಮತ್ತೆ ಕೇಳಲಿಲ್ಲ.

ಇನ್ನು ಆ ಗಡಿಯಾರದ ವಿಷಯ. ಇದನ್ನು ಅವತ್ತೇ, ಎಲ್ಲರ ಮುಂದೆ, ಇದೇ ಮಾತಲ್ಲಿ ಹೇಳಬೇಕಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಸಣ್ಣ ಗಡಿಯಾರವಿದೆ, ಆಫ್ ಮಾಡಿದರೂ ನಡೆಯುತ್ತಲೇ ಇರುತ್ತದೆ. ಅದರಲ್ಲಿರುವುದು ನಮ್ಮೂರ ಹೊತ್ತೇ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಹಾಗಲ್ಲ — ಅದರಲ್ಲಿ ಲಂಡನ್ ಕಡೆಯ ಹೊತ್ತನ್ನು ಬರೆದಿಟ್ಟು, ನಮಗೆ ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಗೋಡೆಯ ಆಚೆ ಈಚೆ ಇರುವ ಅಣ್ಣತಮ್ಮಂದಿರಿಗೆ ಮಾತುಕತೆ ಇಲ್ಲ. ಹಾಗಾಗಿ ಲಿನಕ್ಸ್‌ನಲ್ಲಿ ಕೆಲಸ ಮಾಡಿ ಮುಚ್ಚಿ, ಆಮೇಲೆ ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದಕ್ಕೆ ಬಿದ್ದಿರುತ್ತದೆ. ಇಂಟರ್ನೆಟ್ ಇದ್ದರೆ ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ, ಡೈರಿಯಲ್ಲಿ ಅದಿರಲಿಲ್ಲ. ನೀನು ಬೆಳಗಿನ ಆರಕ್ಕೆ ಬರೆದುಕೊಂಡ ಹಾಲು, ಯಂತ್ರದ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡೂವರೆಯ ಹಾಲು. ಸಂಜೆಯ ಹಾಲು, ಡೈರಿಗೆ ಬೀಗ ಬಿದ್ದಿರುವ ಮಟಮಟ ಮಧ್ಯಾಹ್ನದ ಹಾಲು.

ಮೊದಮೊದಲು ನಾನೇ ಕೈಯಾರೆ ಹೊತ್ತು ಸರಿಮಾಡಿ ಕೊಡುತ್ತಿದ್ದೆ. ಲಿನಕ್ಸ್‌ನಲ್ಲಿ ಒಂದು ಸಾಲು ಬರೆದಿದ್ದರೆ ಈ ತೊಂದರೆ ಪೂರ್ತಿ ನಿಂತುಹೋಗುತ್ತಿತ್ತು, ಅದೂ ಗೊತ್ತಿತ್ತು. ಇವತ್ತು ಮಾಡೋಣ, ನಾಳೆ ಮಾಡೋಣ ಎಂದು ಬಿಟ್ಟೆ. ಅಲ್ಲಿಯವರೆಗಿನದು ಬರೀ ಸೋಮಾರಿತನ.

ಆಮೇಲೆ ಅಮ್ಮನ ಹಾಲಿನ ಪ್ರಸಂಗ ನಡೆಯಿತು. ನೀನು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಡೈರೆಕ್ಟರನ ಹಾಲಾದರೂ ಅಷ್ಟೆ, ಕೂಲಿಯವಳ ಹಾಲಾದರೂ ಅಷ್ಟೆ. ಅವತ್ತು ನಮ್ಮಮ್ಮನ ಹಾಲು ತೆಳುವಾಗಿತ್ತು. ನೀನು ಕೂಗಾಡಲಿಲ್ಲ, ತಂಬಿಗೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿ, "ಇವತ್ತು ಬ್ಯಾಡ ಕಣಮ್ಮ, ಸಂಜೆದು ತಗೊಂಡ್ ಬಾ" ಎಂದೆಯಂತೆ. ಸಾಲಿನಲ್ಲಿದ್ದವರು ಜರುಗಿ ಅಮ್ಮನಿಗೆ ದಾರಿ ಬಿಟ್ಟರಂತೆ. ಆ ದಾರಿ ಬಿಟ್ಟದ್ದೇ ಅವಳಿಗೆ ಚುಚ್ಚಿತು. ಮನೆಗೆ ಬಂದು ತಂಬಿಗೆ ಇಳಿಸಿ ಕೂತಳು. ನಾನು ಹೌಹಾರಿ ಕೇಳಿದ್ದಕ್ಕೆ, "ಪಾತ್ರೆ ತೊಳೆದ ನೀರು ಒಂಚೂರು ಜಾಸ್ತಿ ಬಿದ್ದೋಯ್ತು ಕಣ್ಲಾ" ಎಂದಳು. ಅಂದರೆ ನೀನು ಸರಿ, ನಾವು ತಪ್ಪು. ಅದು ನನಗೆ ಅವತ್ತೇ ಸ್ಪಷ್ಟವಾಗಿತ್ತು.

ಆದರೂ ನನಗೆ ರಕ್ತ ಕುದಿಯಿತು. ನನ್ನ ಲ್ಯಾಪ್‌ಟಾಪು ಇವಳ ಮೇಜಿನ ಮೇಲಿದೆ, ಪುಕ್ಕಟೆ ಕೊಟ್ಟಿದ್ದೇನೆ, ನನ್ನ ತಾಯಿಯ ಹಾಲನ್ನೇ ವಾಪಸ್ ಕಳಿಸುತ್ತಾಳಾ — ಎಷ್ಟು ಕೊಬ್ಬು. ಎಲ್ಲಿಂದಲೋ ಬಂದವಳು. ಈ ಮಾತು ನನ್ನ ಮನಸ್ಸಿಗೆ ಬಂತು ಎಂದು ಬರೆಯಲು ಕೈ ತಡೆಯುತ್ತಿದೆ, ಆದರೆ ಬಂತು. ಮಾರನೆಯ ದಿನದಿಂದ ನಾನು ಗಡಿಯಾರ ಸರಿಮಾಡುವುದನ್ನು ನಿಲ್ಲಿಸಿದೆ. ನಿನಗೆ ಕೇಡು ಮಾಡಬೇಕೆಂದಲ್ಲ, ಅದರಿಂದ ಕೇಡಾಗುತ್ತದೆ ಎಂಬ ಯೋಚನೆಯೇ ಇರಲಿಲ್ಲ. ನಿನಗೊಂದು ಸಣ್ಣ ಉಪಕಾರವನ್ನೂ ಮಾಡಬಾರದು ಎಂಬ ಹಟ, ಅಷ್ಟೆ. ಎಷ್ಟು ಚಿಲ್ಲರೆ ಮನುಷ್ಯ ನಾನು.

ನೀನು ಗಮನಿಸಿದೆ. ನಾನು ಲ್ಯಾಪ್‌ಟಾಪು ವಾಪಸ್ ತೆಗೆದುಕೊಳ್ಳುವಾಗ ನೀನು ಪರದೆಯ ಮೂಲೆಗೆ ಬೆರಳಿಟ್ಟು ತೋರಿಸಿದೆ.

"ತಂಬಿ, ಗಡಿಯಾರ ಇಂದುಕ್ಕೈತೆ ನೋಡು."

"ಅದರಿಂದ ಏನೂ ಆಗಲ್ಲಕ್ಕ, ನೀನು ಹಾಲು ಅಳೆ" ಎಂದೆ. ನಿನ್ನ ಮುಖ ಕೂಡ ನೋಡಲಿಲ್ಲ. ನೀನು ತಲೆಯಾಡಿಸಿದೆ. ಕಂಪ್ಯೂಟರ್ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ನಿನ್ನ ಮೇಲೆ ಹಾಲು ಒಕ್ಕೂಟದ ಮೇಲಿನ ಆಫೀಸಿಗೆ ದೂರು ಹೋಗಿದ್ದು ನನ್ನಿಂದಲ್ಲ. ನೀನು ಹಾಲು ವಾಪಸ್ ಕಳಿಸಿದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಇಲ್ಲದ ಹಾಲನ್ನು ಇದೆ ಎಂದು ಬರೆದು ದುಡ್ಡು ತಿನ್ನುತ್ತಾಳೆ ಎಂದು ಯಾರೋ ದೂರಿದರು. ಅಲ್ಲಿಂದ ಸೂಪರ್‌ವೈಸರ್ ಬಂದು ಪೆನ್‌ಡ್ರೈವಿಗೆ ಲೆಕ್ಕ ಹಾಕಿಕೊಂಡು ಹೋದ. ಅದರಲ್ಲಿ ಒಂದೊಂದು ಹಾಲಿನ ಮುಂದೆಯೂ ಅದನ್ನು ಬರೆದ ಹೊತ್ತು ಇತ್ತು. ಹಾಲು ಅಳೆಯುವವರು ಯಾರೂ ಆ ಸಾಲನ್ನು ನೋಡುವುದಿಲ್ಲ, ಆತ ನೋಡಿದ. ಗೋಪಾಲಪ್ಪನಿಗೆ ಫೋನು ಮಾಡಿ, "ನಿಮ್ಮೂರ ಹಸುಗಳು ರಾತ್ರಿ ಮಲಗಲ್ವೇನ್ರೀ?" ಎಂದು ಕೇಳಿದನಂತೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು — ಮುನಿರತ್ನಮ್ಮ ನಡುರಾತ್ರಿ ಡೈರಿಯ ಬಾಗಿಲು ತೆಗೆದು ಸುಳ್ಳು ಹಾಲು ಬರೆಯುತ್ತಾಳೆ. ಆ ಹೊತ್ತಿಗೆ ಲ್ಯಾಪ್‌ಟಾಪು ನನ್ನ ಹತ್ತಿರ ಇರುತ್ತಿತ್ತು ಎಂದು ನೀನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಹೌದು ಎಂದು ನಾನೂ ಹೇಳಲಿಲ್ಲ.

ಗೋಪಾಲಪ್ಪ ನನ್ನ ಹತ್ತಿರ ಬಂದರು. "ನಾಳೆ ಸಂಜೆ ಸಭೆ ಸೇರಿಸ್ತೀವಿ. ಆಯಮ್ಮ ಗಡಿಯಾರದ್ದು ತಪ್ಪು ಅಂತಾಳೆ, ನಿನ್ನ ಮಿಷಿನ್ ತಗೊಂಡ್ ಬಾರಪ್ಪ, ಎಲ್ರ ಮುಂದೆ ನೋಡ್ಬಿಡಾನ."

ಆಗ ಒಂದು ಮಾತು ಸಾಕಿತ್ತು. 'ಹೌದು, ತಪ್ಪು ಯಂತ್ರದ್ದೇ, ಬನ್ನಿ ತೋರಿಸುತ್ತೇನೆ' — ಇಷ್ಟೇ. ನಾನು "ಆಗಲಿ" ಎಂದೆ.

ಮಾರನೆಯ ದಿನ ಬಂಗಾರಪೇಟೆಯಲ್ಲಿ, ಊಟದ ಬಿಡುವಿನಲ್ಲಿ, ಹುಡುಗರೆಲ್ಲ ಹೊರಗೆ ಹೋದ ಮೇಲೆ ಲ್ಯಾಪ್‌ಟಾಪು ತೆರೆದೆ. ಲಿನಕ್ಸ್ ಇದ್ದ ಪಾಲನ್ನು ಅಳಿಸಿದೆ. ನನ್ನ ಅಭ್ಯಾಸ, ನನ್ನ ಓದು ಎಲ್ಲ ಅದರಲ್ಲೇ ಇತ್ತು, ಅದನ್ನೂ ಉಳಿಸಿಕೊಳ್ಳಲಿಲ್ಲ, ಅಷ್ಟು ಅವಸರ. ಕಪ್ಪು ಪರದೆ ಬಾರದಂತೆ ಮಾಡಿದೆ. ಗುಂಡಿ ಒತ್ತಿದರೆ ನೇರ ವಿಂಡೋಸೇ ಬರಬೇಕು. ಕಡೆಗೆ ಫೋನು ಪಕ್ಕದಲ್ಲಿಟ್ಟುಕೊಂಡು ಗಡಿಯಾರವನ್ನು ಹೊಂದಿಸಿದೆ. ಎರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿದೆ. ಆಮೇಲೆ ಡಬ್ಬಿ ತೆಗೆದು ಊಟ ಮಾಡಿದೆ. ಚಿತ್ರಾನ್ನ ಇತ್ತು, ಪೂರ್ತಿ ತಿಂದೆ.

ಯಾಕೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದು ಬಹಳ ದಿನ ನಂಬಿಸಿಕೊಂಡಿದ್ದೆ. ಮೇಷ್ಟ್ರ ಯಂತ್ರದಿಂದಲೇ ಡೈರಿಯ ಲೆಕ್ಕ ಕೆಟ್ಟಿತು ಎಂದರೆ ಊರಲ್ಲಿ ನನ್ನ ಬೆಲೆ ಏನಾಗುತ್ತದೆ ಎಂಬ ಹೆದರಿಕೆ. ಅದು ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಅಮ್ಮ ತಂಬಿಗೆ ಹಿಡಿದು ವಾಪಸ್ ನಡೆದಳಲ್ಲ, ನೀನೂ ಒಂದು ಸಲ ಹಾಗೆ ಎಲ್ಲರ ಮುಂದೆ ನಡೆಯಬೇಕು — ಅದನ್ನು ನಾನು ನೋಡಬೇಕು. ಒಂದೇ ಒಂದು ಸಲ. ಅಷ್ಟಕ್ಕೆ ಮುಗಿಯುತ್ತದೆ, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಹಾಗೆ ಅಂದುಕೊಂಡದ್ದೂ ನನಗೆ ನಾನೇ ಹೇಳಿಕೊಂಡ ಸುಳ್ಳಿರಬೇಕು.

ಸಭೆ ಡೈರಿಯ ಜಗುಲಿಯ ಮೇಲೆ ಸೇರಿತು. ಹಾಲು ಹಾಕಿದವರು ಯಾರೂ ಮನೆಗೆ ಹೋಗಿರಲಿಲ್ಲ, ಖಾಲಿ ಕ್ಯಾನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಬೇಕೆಂದೇ ತಡವಾಗಿ ಬಂದಿದ್ದರಿಂದ ಆ ಸಂಜೆಯ ಹಾಲನ್ನು ಪುಸ್ತಕದಲ್ಲೇ ಬರೆದುಕೊಂಡಿದ್ದ ನೀನು ಬಾಗಿಲ ಪಕ್ಕ ನಿಂತಿದ್ದೆ. ನಾನು ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟಾಗ ನಿನ್ನ ಮುಖ ಅರಳಿತು, ಅಕ್ಕ. ಅದನ್ನು ಮಾತ್ರ ನಾನು ಮರೆತಿಲ್ಲ. ನಿನ್ನ ಕಡೆಯ ಸಾಕ್ಷಿ ಬಂದ ಎಂದುಕೊಂಡೆ ನೀನು.

"ಅದ್ರಾಗೆ ಎರಡು ಐತೆ ಸಾರ್" ಎಂದೆ ನೀನು ಸೂಪರ್‌ವೈಸರಿಗೆ. "ಮೊದ್ಲು ಕಪ್ಪು ಪರದೆ ಬತ್ತದೆ, ಕೆಳಗ್ಲದು ಒತ್ಬೇಕು. ಗಡಿಯಾರ ಇಂದುಕ್ ನಡೀತದೆ. ನಮ್ಮ ತಂಬಿಗೆ ಗೊತ್ತು, ಕೇಳಿ."

ಸೂಪರ್‌ವೈಸರ್ ಗುಂಡಿ ಒತ್ತಿದ. ಕಪ್ಪು ಪರದೆ ಬರಲಿಲ್ಲ. ನೇರ ವಿಂಡೋಸ್ ಬಂತು. ಆತ ತನ್ನ ಕೈಗಡಿಯಾರ ನೋಡಿದ, ಪರದೆಯ ಮೂಲೆ ನೋಡಿದ, ಲ್ಯಾಪ್‌ಟಾಪನ್ನು ಜನರ ಕಡೆ ತಿರುಗಿಸಿದ. ಹೊತ್ತು ಸರಿಯಾಗಿತ್ತು. ನೀನು ಮುಂದೆ ಬಂದು, ಬಗ್ಗಿ, ಪರದೆಯ ಹತ್ತಿರ ಮುಖವಿಟ್ಟು ನೋಡಿದೆ. "ಇನ್ನೊಂದು ಸಲ ಆಕಿ ಸಾರ್" ಎಂದೆ. ಇನ್ನೊಂದು ಸಲ ಹಾಕಿದ. ಮತ್ತೆ ಅದೇ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಗೋಪಾಲಪ್ಪ ನನ್ನ ಕಡೆ ತಿರುಗಿದರು. "ನಿನ್ನ ಮಿಷಿನ್ ನಿನಗೆ ಗೊತ್ತಿರತದೆ. ಏಳಪ್ಪ ಎಂಕಟೇಸ, ಇದ್ರಾಗೆ ಏನಾದ್ರೂ ಐಬು ಐತಾ?"

"ಇಲ್ಲ. ಸರಿಯಾಗೇ ಐತೆ."

ಇವೇ ನಾನು ಮೊದಲಲ್ಲಿ ಹೇಳಿದ ಎರಡು ಮಾತು. ಮಜಾ ನೋಡು, ಆ ಕ್ಷಣಕ್ಕೆ ಅದು ನಿಜವೂ ಆಗಿತ್ತು. ದೇವರ ಮುಂದೆ ಪ್ರಮಾಣ ಮಾಡು ಎಂದಿದ್ದರೂ ಮಾಡುತ್ತಿದ್ದೆ.

ನೀನು ನನ್ನನ್ನೇ ನೋಡಿದೆ. ಬೈಯಲಿಲ್ಲ. 'ಯಾಕಪ್ಪಾ ಸುಳ್ಳು ಹೇಳ್ತೀಯ' ಎಂದು ಕೂಡ ಕೇಳಲಿಲ್ಲ. ಜನರ ಕಡೆ ತಿರುಗಿ ಹೇಳಿದೆ: "ನಮ್ಮಪ್ಪ ಕೋರಮಂಡಲ್ ಗಣಿಯಾಗೆ ಕೆಲ್ಸ ಮಾಡ್ದೋರು. ಶಿಫ್ಟ್ ಮುಗ್ಸಿ ಮ್ಯಾಲೆ ಬಂದಾಗೆಲ್ಲ ಮೈಯೆಲ್ಲ ತಡವಿ ನೋಡಿ ಮನೆಗೆ ಬಿಡ್ತಿದ್ರು. ದಿನಾ ಬಂಗಾರದಾಗೆ ಕೈ ಇಟ್ಟೋರು, ಒಂದಿನಾನೂ ಅವ್ರತ್ರ ಏನೂ ಸಿಗ್ಲಿಲ್ಲ. ನಾನು ಅವ್ರ ಮಗಳು. ನನ್ನೂ ತಡವಿ ನೋಡಿ, ಮನೆಗೂ ಬಂದು ನೋಡಿ."

"ಇಲ್ದಿರೋ ಹಾಲು ತಡವಿದ್ರೆ ಸಿಗ್ತದಾ?" ಎಂದ ಯಾರೋ ಒಬ್ಬ. ಜಗುಲಿಗೆ ಜಗುಲಿಯೇ ನಕ್ಕಿತು. ನೀನು ಸೆರಗಿನ ತುದಿಯಲ್ಲಿ ಕಟ್ಟಿದ್ದ ಡೈರಿಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ. ಜನ ಜರುಗಿ ದಾರಿ ಬಿಟ್ಟರು. ಅಮ್ಮನಿಗೆ ಬಿಟ್ಟ ಹಾಗೇ. ನಾನು ನೋಡಬೇಕು ಎಂದುಕೊಂಡಿದ್ದು ಇದನ್ನೇ ತಾನೆ, ಕಣ್ಣಾರೆ ನೋಡಿದೆ. ಅದರಿಂದ ನನಗೆ ಯಾವ ಸಂತೋಷವೂ ಆಗಲಿಲ್ಲ. ಆದರೆ ಹಿಂದೆ ಕೂಗಿ ಕರೆಯಲೂ ಇಲ್ಲ.

ಆಮೇಲಿನದು ಇನ್ನೂ ನಾಚಿಕೆಗೇಡು. ಡೈರಿಗೆ ಕಂಪ್ಯೂಟರ್ ಗೊತ್ತಿರುವ ಸೆಕ್ರೆಟ್ರಿ ಬೇಕಾಗಿತ್ತು. ನನ್ನ ಹೆಂಡತಿ ಮಂಜುಳಾ ಪಿಯುಸಿ ಓದಿದವಳು, ಕಂಪ್ಯೂಟರನ್ನು ನಾನೇ ಕಲಿಸಿದ್ದೆ. ಗೋಪಾಲಪ್ಪ ಕೇಳಿದರು, ನಾನು ಒಪ್ಪಿದೆ. ಆ ಕೆಲಸಕ್ಕಾಗಿ ನಿನ್ನನ್ನು ತೆಗೆಸಿದೆನೆಂದು ಯಾರೂ ಅಂದುಕೊಳ್ಳಬೇಡಿ, ಅದು ನನ್ನ ತಲೆಯಲ್ಲಿ ಇರಲೇ ಇಲ್ಲ. ಆದರೆ ಬಂದಾಗ ಬೇಡ ಅನ್ನಲಿಲ್ಲ ಅಲ್ಲವಾ? ನೀನು ಕೂರುತ್ತಿದ್ದ ಕುರ್ಚಿ, ನೀನು ಬಳಸುತ್ತಿದ್ದ ಲ್ಯಾಕ್ಟೋಮೀಟರ್. ಈಗ ಅಮ್ಮನ ಹಾಲು ಯಾವತ್ತೂ ವಾಪಸ್ ಬರುವುದಿಲ್ಲ. ನೀನು ಗಂಡನನ್ನು ಕರೆದುಕೊಂಡು ಕೋರಮಂಡಲ್‌ನ ತೌರಿನ ಲೈನುಮನೆಗೆ ಹೋದೆ ಎಂದು ಕೇಳಿದೆ. ಹೋಗುವ ದಿನ ನಮ್ಮ ಬೀದಿಯಲ್ಲೇ ಹೋದೆಯಂತೆ. ನಾನು ಮನೆಯಲ್ಲಿರಲಿಲ್ಲ — ಇದ್ದೆ. ಒಳಗಿದ್ದೆ.

ಹೀಗೇ ವರ್ಷಗಳು ಕಳೆದವು. ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೋ ಏನೋ. ಆದರೆ ಮೊನ್ನೆ ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಮೊದಲು ಗುರುತು ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದೆ ನೀನು. ಒಂದು ಪಾನಿಪೂರಿ ಅಂಗಡಿಗೆ ಪೂರಿ ಕರಿದುಕೊಡುವ ಕೆಲಸ ಎಂದೆ. ತೋಳಿನ ಮೇಲೆ ಎಣ್ಣೆ ಸಿಡಿದ ಕಲೆಗಳಿದ್ದವು. ನೀನು ಮುಖ ತಿರುಗಿಸಿಕೊಂಡು ಹೋಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನೀನು ನಿಂತು, "ಅಮ್ಮ ಚೆಂದಾಗವ್ರಾ ತಂಬಿ?" ಎಂದು ಕೇಳಿದೆ. ನಾನು ಹೂಂ ಎಂದೆ. ಆಮೇಲೆ ನೀನು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದೆ — ಜಗಳಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ:

"ಒಂದು ಮಾತು. ಆ ಕಪ್ಪು ಪರದೆ… ಅದು ಬತ್ತಿತ್ತು ಅಲ್ವಾ? ನಾನು ದಿನಾ ಒತ್ತಿದ್ದೆ ಅಲ್ವಾ? ನಮ್ಮೋರು, ನಿಂಗೆ ಬ್ರಮೆ ಅಂತಾರೆ. ಬತ್ತಾ ಬತ್ತಾ ನಂಗೇ ಅನುಮಾನ ಆಗೋಗೈತೆ. ಒಲೆ ಆರ್ಸಿದ್ನಾ ಅಂತ ಎರಡೆರಡು ಸಲ ವಾಪಸ್ ಓಗಿ ನೋಡ್ತೀನಿ."

ನಿನ್ನ ಕೆಲಸ ಕಿತ್ತುಕೊಂಡಿದ್ದೇನೆ, ಹೆಸರು ಕೆಡಿಸಿದ್ದೇನೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ನಿನಗೆ ನಿನ್ನ ಕಣ್ಣಿನ ಮೇಲೇ ನಂಬಿಕೆ ಇಲ್ಲದ ಹಾಗೆ ಮಾಡಿದ್ದೇನೆ ಎನ್ನುವುದು ಅಲ್ಲಿ ನಿಂತಾಗ ಗೊತ್ತಾಯಿತು. ನೂರು ಜನರ ಹಾಲು ಹೇಗಿದೆ ಎಂದು ಒಂದು ನೋಟಕ್ಕೆ ಹೇಳುತ್ತಿದ್ದವಳು ನೀನು. ಆಗಲಾದರೂ ಹೇಳಿದೆನಾ? ಇಲ್ಲ.

"ನೆನಪಿಲ್ಲಕ್ಕ, ಎಷ್ಟೋ ದಿನ ಆಯ್ತಲ್ಲ" ಎಂದೆ.

"ಓಗ್ಲಿ ಬುಡು" ಎಂದೆ ನೀನು. ಕೆಜಿಎಫ್ ಬಸ್ಸು ಬಂತು, ಜನರ ನಡುವೆ ನುಗ್ಗಿ ಹತ್ತಿದೆ. ಕಿಟಕಿಯಿಂದ ಕೈ ಬೀಸಿದೆ ಕೂಡ.

ಮನೆಗೆ ಬಂದು ಮಂಜುಳಾಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಂತಿತು. "ಅಂಗಾದ್ರೆ ನಾನು ಇಷ್ಟು ದಿನ ಕೂತಿರೋದು ಎಲ್ಲಿ?" ಎಂದಳು. ಊರ ಮುಂದೆ ಹೇಳುತ್ತೇನೆ ಎಂದೆ. "ಏಳಿದ್ರೆ ನನ್ನನ್ನೂ ಅದೇ ತಕ್ಕಡಿಗೆ ಹಾಕ್ತಾರೆ. ಗಂಡ ಹೆಂಡ್ತಿ ಸೇರಿ ಮಾಡಿದ್ರು ಅಂತಾರೆ. ನಾನೇನು ಮಾಡಿದ್ದೆ?" ಎಂದು ಕೇಳಿದಳು. ಅವಳು ಕೇಳಿದ್ದು ನ್ಯಾಯ. ಅವಳು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನೆ ಮಾತ್ರ ಒಂದು ಮಾತಾಡಿದಳು. "ಯಾವತ್ತು ಏಳ್ತೀರ ಅಂತ ಮೊದ್ಲೇ ಏಳ್ಬಿಡಿ. ಅವತ್ತು ಬೀಗದ ಕೈ ನಾನೇ ಮೇಜಿನ ಮ್ಯಾಲೆ ಇಡ್ತೀನಿ, ಯಾರೂ ಕೇಳೋದು ಬ್ಯಾಡ." ಅಮ್ಮನಿಗೂ ಹೇಳಿದೆ. ಅವಳು ಅತ್ತಳು. "ಆ ನೀರು ಬೆರೆಸಿದ್ದು ನಾನು ಕಣ್ಲಾ, ಅದ್ನೂ ಏಳು" ಎಂದಳು.

ಈ ಭಾನುವಾರ ಬೆಳಿಗ್ಗೆ, ಹಾಲಿನ ಸಾಲು ನಿಂತಿರುವಾಗಲೇ ಹೇಳುತ್ತೇನೆ. ಅದೇ ಹಳೆಯ ಲ್ಯಾಪ್‌ಟಾಪು ಇನ್ನೂ ನನ್ನ ಹತ್ತಿರವಿದೆ. ಅದಕ್ಕೆ ಲಿನಕ್ಸ್ ಮತ್ತೆ ಹಾಕಿದ್ದೇನೆ, ಕುಮಾರ ಮೊದಲು ಹೇಗೆ ಹಾಕಿದ್ದನೋ ಹಾಗೇ. ಡೈರಿಯ ಮೇಜಿನ ಮೇಲಿಟ್ಟು, ಗೋಪಾಲಪ್ಪನ ಕೈಯಲ್ಲೇ ಗುಂಡಿ ಒತ್ತಿಸುತ್ತೇನೆ. ಗಡಿಯಾರ ಹೇಗೆ ಹಿಂದೆ ಬೀಳುತ್ತದೆ, ಬೆಳಗಿನ ಹಾಲು ಹೇಗೆ ರಾತ್ರಿಯ ಹಾಲಾಗುತ್ತದೆ ಎಂದು ಅವತ್ತು ನಕ್ಕವರೆಲ್ಲರ ಕಣ್ಣೆದುರು ತೋರಿಸುತ್ತೇನೆ. ಸಭೆಯ ದಿನ ಮಧ್ಯಾಹ್ನ ನಾನೇನು ಅಳಿಸಿದೆ ಎಂಬುದನ್ನೂ ಹೇಳುತ್ತೇನೆ. ಆಮೇಲೆ ಮೇಲಿನ ಆಫೀಸಿಗೂ ಇದನ್ನೇ ಬರೆದುಕೊಡುತ್ತೇನೆ. ಊರು ನನ್ನನ್ನು ಏನು ಬೇಕಾದರೂ ಅನ್ನಲಿ. 'ರಾತ್ರಿ ಹಾಲು' ಎಂದರೆ ಇನ್ನು ಮೇಲೆ ನನ್ನ ಹೆಸರು.

ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು "ಓಗ್ಲಿ ಬುಡು" ಅಂದುಬಿಡುತ್ತೀಯ, ಅದನ್ನು ಪಡೆಯುವ ಯೋಗ್ಯತೆ ನನಗಿಲ್ಲ. ಕೆಲಸ ವಾಪಸ್ ಕೊಡಿಸುತ್ತೇನೆ ಎಂದು ಮಾತು ಕೊಡೋಣವೆಂದರೆ ಅದು ನನ್ನ ಕೈಯಲ್ಲಿಲ್ಲ. ಭಾನುವಾರ ಡೈರಿಯಿಂದ ನೇರ ಕೋರಮಂಡಲ್‌ಗೆ ಬರುತ್ತೇನೆ. ಒಳಗೆ ಕರೆಯಬೇಡ. ನಿನ್ನ ಮನೆಯವರನ್ನೂ ಹೊರಗೆ ಕರೆ, ಬಾಗಿಲ ಹೊರಗೇ ಲ್ಯಾಪ್‌ಟಾಪು ಇಟ್ಟು ಎಲ್ಲರಿಗೂ ತೋರಿಸಿ ಹೊರಟುಹೋಗುತ್ತೇನೆ.

ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಅಲ್ಲಿಯವರೆಗೆ ಕಾಯಬಾರದು. ಬರುತ್ತಿತ್ತು, ಅಕ್ಕ. ದಿನಾ ಬರುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಕೆಳಗಿನ ಸಾಲು. ನೀನು ದಿನಾ ಸರಿಯಾಗಿಯೇ ಒತ್ತುತ್ತಿದ್ದೆ. ನೀನು ಒಲೆಯನ್ನೂ ಆರಿಸಿಯೇ ಬಂದಿರುತ್ತೀಯ, ವಾಪಸ್ ಹೋಗಿ ನೋಡಬೇಡ.